ಅಂಗೈ ಬಟ್ಟಲು

ಗಂಡನ ಬೆನ್ನಿಗೆ ದಾಕ್ಷಾಯಿಣಿ ಹಾಕಿದ ಮೊದಲ ಏಟು ಏಟಾಗಿರಲೇ ಇಲ್ಲ. ಹಸುಗೂಸನ್ನು ಮಲಗಿಸುವಾಗ ಮುಟ್ಟುವಂತೆ ಮುಟ್ಟಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಅಯ್ಯೋ ಅಮ್ಮಾ, ಜೋಗುಳ ಹಾಡ್ತಿದ್ದೀರಾ?" ಬೇಬಿ ನಕ್ಕಳು. "ಅಡೀಂಗ! ಹೊಡೀರಿ! ಸಳಿ ಒಳಗೆ ಗೋಂದಾಗಿ ಕೂತಿದೆ. ನೀವು ಹಿಂಗೆ ಸವರಿದ್ರೆ ಅದು ಎದ್ದು ಬರುತ್ತಾ?"

ಬೇಬಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಹೊಸೂರಿನ ಕಡೆಯವಳಾದ್ದರಿಂದ ಕನ್ನಡವನ್ನು ತಮಿಳಿನಲ್ಲಿ ಅದ್ದಿ ಆಡುತ್ತಿದ್ದಳು; ಕಫ ಎಂಬ ಮಾತು ಅವಳ ಬಾಯಲ್ಲಿ ಯಾವಾಗಲೂ ಸಳಿ. ವಾರಕ್ಕೆ ಎರಡು ದಿನ ಅವಳು ಬರುವುದು, ಉಳಿದ ದಿನ ಹೆಂಡತಿಯೇ ಬೆನ್ನು ಬಡಿಯಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ.

ಮಂಚದ ಮೇಲೆ ಬೋರಲು ಮಲಗಿದ್ದ ದೊಡ್ಡಬಸಪ್ಪ ದಿಂಬಿಗೆ ಮುಖ ಒತ್ತಿಕೊಂಡೇ ಮಾತಾಡಿದ. "ಇಕಿಗೆ ರೊಟ್ಟಿ ಬಡಿಯೂದು ಬಿಟ್ರ ಮತ್ತೇನು ಬರತೈತಿ? ನನ್ನ ಬೆನ್ನಂದ್ರ ಜ್ವಾಳದ ಹಿಟ್ಟು ಅಂತ ತಿಳಕೊಂಡಾಳು."

"ರೊಟ್ಟಿ ಬಡಿಯೋಕೆ ಬಂದ್ರೆ ಅರ್ಧ ಕೆಲಸ ಆಯ್ತು ಅಪ್ಪಾ." ಬೇಬಿ ದಾಕ್ಷಾಯಿಣಿಯ ಬಲಗೈ ಹಿಡಿದು, ಬೆರಳುಗಳನ್ನು ಒಟ್ಟುಗೂಡಿಸಿ ಒಳಕ್ಕೆ ಬಾಗಿಸಿದಳು. "ರೊಟ್ಟಿಗೆ ಕೈ ಚಪ್ಪಟೆ. ಇದಕ್ಕೆ ಬಟ್ಟಲು. ತೀರ್ಥ ತಗೊಳ್ತೀರಲ್ಲ, ಹಾಗೆ. ಮಧ್ಯ ಗಾಳಿ ನಿಲ್ಲಬೇಕು. ಡಬ್ ಅಂತ ಸತ್ತಂ, ಸದ್ದು, ಬಂದ್ರೆ ಸರಿ, ಆ ಅದುರು ಒಳಗಿಳಿದು ಸಳೀನ ಸಡಿಲ ಮಾಡುತ್ತೆ. ಚಟ್ ಅಂತ ಬಂದ್ರೆ ಬರೀ ಏಟು. ಚರ್ಮ ಉರಿಯುತ್ತೆ, ಸಳಿ ಅಲ್ಲೇ ಇರುತ್ತೆ."

ಚಟ್ ಎಂಬ ಸದ್ದನ್ನು ದಾಕ್ಷಾಯಿಣಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮದುವೆಯಾದ ನಾಲ್ಕನೆಯ ತಿಂಗಳಿಂದ ಆ ಸದ್ದು ಅವಳ ಕೆನ್ನೆಯ ಮೇಲೆ, ಬೆನ್ನಿನ ಮೇಲೆ, ಒಮ್ಮೆ ಬಸುರಿನ ಹೊಟ್ಟೆಯ ಮೇಲೆ ಕೇಳಿಸಿತ್ತು. ಏಟು ಬೀಳುವಾಗ ಅವಳು ಅಳುತ್ತಿರಲಿಲ್ಲ. ಅಜ್ಜಿ ರೊಟ್ಟಿ ಬಡಿಯುತ್ತ ಹೇಳುತ್ತಿದ್ದ ವಚನಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಅಜ್ಜಿಯ ಮಾತಿಗೂ ಕೈಗೂ ಒಂದೇ ಲಯವಿತ್ತು; ಒಂದೊಂದು ಸಾಲಿಗೆ ನಾಲ್ಕು ಬಡಿತ. ಹಾಗೆ ಎಣಿಸಿದರೆ ಯಾವ ಹೊಡೆತವೂ ಎರಡು ವಚನಕ್ಕಿಂತ ಉದ್ದ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು.

ದೊಡ್ಡಬಸಪ್ಪ ಬ್ಯಾಡಗಿಯಿಂದ ಮೆಣಸಿನಕಾಯಿ ತರಿಸಿ ಮಾರುತ್ತಿದ್ದವನು. ತಮಿಳು ಸೀಮೆಯ ರಾಯಪುರದಲ್ಲಿ ಬಂದರಿನ ರಸ್ತೆಯ ಹಿಂದೆ ಗೋದಾಮು, ಗೋದಾಮಿನ ಮೇಲೆ ಮನೆ. ಚೀಲ ಸುರಿಸಿ, ತೊಟ್ಟು ಬಿಡಿಸಿ, ಬಣ್ಣ ನೋಡಿ ಆರಿಸುವ ಕೆಲಸದಲ್ಲಿ ಮೂವತ್ತು ವರ್ಷ ಆ ಕೆಂಪು ಧೂಳು ಅವನ ಎದೆಗಿಳಿಯಿತು. ಅದರ ಮೇಲೆ ದಿನಕ್ಕೆ ಎರಡು ಪ್ಯಾಕು ಸಿಗರೇಟು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹಮಾಲರನ್ನು ನೋಡಿ, "ಹೆಂಗಸರಾದ್ರೇನಲೇ?" ಎಂದು ನಗುತ್ತಿದ್ದ. ಈಗ ಕೆಳಗೆ ಪಾರ್ಸೆಲ್ ಆಫೀಸು ಬಂದಿದೆ. ಮೇಲೆ ಅವನು ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಾನೆ.

"ಅಷ್ಟು ಕಫಾ ಎಲ್ಲಿಂದ ಬರತೈತವಾ?" ದಾಕ್ಷಾಯಿಣಿ ಕೇಳಿದಳು.

"ಸಳಿ ಕೆಟ್ಟದ್ದಲ್ಲ ಅಮ್ಮಾ. ನಿಮ್ಮ ಎದೇಲೂ ಇದೆ, ನನ್ನ ಎದೇಲೂ ಇದೆ, ತೆಳ್ಳಗೆ, ನೀರಿನ ಹಾಗೆ. ಒಳಗೆ ಹೋದ ಧೂಳು, ಕ್ರಿಮಿ ಎಲ್ಲ ಅದಕ್ಕೆ ಅಂಟಿಕೊಳ್ಳುತ್ತೆ. ಉಸಿರಿನ ಕೊಳವೆ ಗೋಡೇಲಿ ಸಣ್ಣ ಸಣ್ಣ ರೋಮ ಇದೆ. ಅವು ಅದನ್ನ ಮೇಲಕ್ಕೆ ತಳ್ತಾನೇ ಇರ್ತವೆ, ನಮಗೆ ಗೊತ್ತೇ ಆಗಲ್ಲ. ಸಳೀನ ಮನೆ ಕಾವಲುಗಾರ ಅನ್ಕೊಳ್ಳಿ. ಅಪ್ಪನ ಎದೇಲಿ ಆ ರೋಮ ಸುಟ್ಟುಹೋಗಿದೆ, ಕೊಳವೆ ಅಗಲವಾಗಿ ಚೀಲ ಆಗಿದೆ. ಕಾವಲುಗಾರ ಕೊಬ್ಬಿದ, ನೀರು ಬತ್ತಿ ಗಟ್ಟಿ ಆದ, ಕ್ರಿಮಿ ಜೊತೆ ಸ್ನೇಹ ಮಾಡ್ಕೊಂಡ. ಈಗ ಬಾಗಿಲಲ್ಲೇ ಕೂತು ಮನೆಯವರ ಕತ್ತು ಹಿಸುಕ್ತಿದ್ದಾನೆ."

"ತಿಳೀತು ಬಿಡವಾ," ಎಂದಳು ದಾಕ್ಷಾಯಿಣಿ. "ಅಂಥಾ ಕಾವಲುಗಾರನ್ನ ನೋಡೀನಿ."

ದಿಂಬಿನೊಳಗಿಂದ ದೊಡ್ಡಬಸಪ್ಪ ಏನೋ ಗುರುಗುಟ್ಟಿದ.

ಜಗಳ ಎದ್ದದ್ದು ಸೊಂಟದ ಕೆಳಗೆ ದಿಂಬು ಇಟ್ಟಾಗ. ಕಫ ಇಳಿದು ಬರಬೇಕಾದರೆ ಸೊಂಟ ಮೇಲೆ, ತಲೆ ಕೆಳಗೆ ಇರಬೇಕು. ಹಾಗೆ ಮಲಗಿಸಿದ ಕೂಡಲೇ ಅವನ ಕೊರಳಿನ ಕರಡಿಗೆ, ಇಷ್ಟಲಿಂಗವಿದ್ದ ಬೆಳ್ಳಿಯ ಭರಣಿ, ಎದೆಯಿಂದ ಜಾರಿ ತುಟಿಗೆ ಬಡಿಯಿತು. ಅವನು ಬೆಂಕಿ ತಗುಲಿದವನಂತೆ ಎದ್ದು ಕೂತ.

"ಇದನ್ನ ಸ್ವಲ್ಪ ಹೊತ್ತು ಕಳಚಿ ಇಡೋಣ ಅಪ್ಪಾ," ಬೇಬಿ ಕೈ ಚಾಚಿದಳು.

"ಮುಟ್ಟಿದ್ರ ಕೈ ಮುರೀತೀನಿ! ಲಿಂಗ ಮೈಬಿಡೂದಂದ್ರ ಏನಂತ ಮಾಡೀದಿ? ಬಳಿ ಬಿಚ್ಚಿಟ್ಟಂಗೇನು?"

"ಬಿಚ್ಚೂದು ಬ್ಯಾಡ್ರಿ," ದಾಕ್ಷಾಯಿಣಿ ಮೆಲ್ಲಗೆ ಹೇಳಿದಳು. "ರುಮಾಲಿನ್ಯಾಗ ಸುತ್ತಿ ತಲೀಗೆ ಕಟ್ಟೂಣು. ಹಿಂದಿನವ್ರು ಹಂಗ ತಲೀಮ್ಯಾಲ ಕಟಗೊಂತಿದ್ರಂತ ನಮ್ಮಜ್ಜಿ..."

ಚಟ್.

ಕಾಯಿಲೆಯ ಕೈಯಾದರೂ ಗುರಿ ತಪ್ಪಲಿಲ್ಲ. ಅವಳ ಕನ್ನಡಕ ಹಾರಿ ಗೋಡೆಗೆ ಬಡಿಯಿತು.

"ನನಗ ಶಾಸ್ತ್ರಾ ಹೇಳಾಕ ಬಂದ್ಲು, ಮಾಸ್ತರ‍್ತಿ!"

ಬೇಬಿ ನಡುವೆ ನುಗ್ಗಿ ಅವನ ಮಣಿಕಟ್ಟು ಹಿಡಿದಳು. "ಇನ್ನೊಂದು ಸಲ ಕೈ ಎತ್ತಿದ್ರೆ ನಾನು ಈ ಮನೆ ಮೆಟ್ಟಿಲು ಹತ್ತಲ್ಲ."

"ಹತ್ತಬ್ಯಾಡ, ಯಾರು ಕರದಾರ!" ಎನ್ನುವಷ್ಟರಲ್ಲಿ ಕೆಮ್ಮು ಅವನನ್ನು ಹಿಡಿದು ಅಲುಗಿಸಿತು. ಮುಖ ಕೆಂಪಾಯಿತು, ಕತ್ತಿನ ನರಗಳು ಎದ್ದವು, ಕೆನ್ನೆ ಉಬ್ಬಿತು. ಕಫ ಪರೀಕ್ಷೆಗೆಂದು ತಂದಿದ್ದ ಲ್ಯಾಬಿನ ಬಾಟಲಿಯನ್ನು ಬೇಬಿ ಬಾಯಿಗೆ ಹಿಡಿದಳು. ಅವನು ತಲೆ ಕೊಡವಿ, ಕಣ್ಣು ಮುಚ್ಚಿ, ಗುಟುಕ್ಕೆಂದು ನುಂಗಿದ. ಆಮೇಲೆ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹೇಳಿದ: "ಲಿಂಗ ಕಟ್ಟಿದ ಎದಿ ಇದು. ಇದರ ಮ್ಯಾಲಿಂದ ನಾ ಉಗುಳಾವ ಅಲ್ಲ."

"ನುಂಗಿದ್ದು ಹೊಟ್ಟೆಗೆ ಹೋಗುತ್ತೆ, ಅದರಿಂದ ಸಾಯಲ್ಲ," ಬೇಬಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ದಾಕ್ಷಾಯಿಣಿಗೆ ಹೇಳಿದಳು. "ಆದ್ರೆ ಉಗುಳಬೇಕಾಗುತ್ತೆ ಅಂತ ಕೆಮ್ಮನ್ನೇ ಕತ್ತು ಹಿಸುಕಿ ಇಡ್ತಾರೆ. ಒಳಗಿನದು ಒಳಗೇ ಒಣಗುತ್ತೆ. ಲ್ಯಾಬಿನವರು ಎರಡು ಸಲ ಬಾಟಲಿ ವಾಪಸ್ ಕಳಿಸಿದ್ರು, ಬರೀ ಜೊಲ್ಲು ಅಂತ. ಯಾವ ಕ್ರಿಮಿ ಅಂತ ಗೊತ್ತಾಗದೆ ಡಾಕ್ಟರು ಔಷಧಿ ಹೆಂಗೆ ಕೊಡ್ತಾರೆ? ಒಂದಿನ ದಪ್ಪ ಗಂಟು ಅಡ್ಡ ಕೂತ್ರೆ ಅಷ್ಟೇ, ಮೂಚ್ಚು ನಿಂತುಹೋಗುತ್ತೆ. ನಿಮ್ಮ ಕೈ ಒಂದೇ ಅಮ್ಮಾ ಆಗ."

ಮೂಚ್ಚು ಎಂದರೆ ಉಸಿರು. ದಾಕ್ಷಾಯಿಣಿ ತನ್ನ ಕೈ ನೋಡಿಕೊಂಡಳು.

ಲಿಂಗ ಮೈಬಿಡುವುದೆಂದರೆ ಏನೆಂದು ಆ ಮನೆಯಲ್ಲಿ ಅವನಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಮಗ ವೀರೇಶ್ ಎರಡು ವರ್ಷದವನಿದ್ದಾಗ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ದೊಡ್ಡಬಸಪ್ಪ ಅವಳನ್ನು ಗೋದಾಮಿಗೆ ಎಳೆದುಕೊಂಡು ಹೋಗಿದ್ದ. ಹಮಾಲರ ಮುಂದೆ ಹೊಡೆದ. ಅವಳು ಸುಮ್ಮನೆ ವಚನ ಹೇಳಿಕೊಳ್ಳುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ ಎಂಬುದು ಕಂಡು ಅವನ ಸಿಟ್ಟು ನೆತ್ತಿಗೇರಿತು. ಅವಳ ಕೊರಳಿನ ಶಿವದಾರಕ್ಕೆ ಎರಡು ಬೆರಳು ತೂರಿಸಿ, ಒಂದು ಸುತ್ತು ತಿರುವಿ, ಕೆಳಕ್ಕೆ ಜಗ್ಗಿದ. ದಾರ ಕೊರಳ ಹಿಂದೆ ಮಾಂಸಕ್ಕಿಳಿದು ಆಮೇಲೆ ಹರಿಯಿತು. ಕರಡಿಗೆ ಉರುಳುತ್ತ ಮೆಣಸಿನಕಾಯಿ ರಾಶಿಯೊಳಗೆ ಹೋಯಿತು.

"ಹುಡುಕ್ಕೋ," ಎಂದು ಅವನು ಊಟಕ್ಕೆ ಹೋದ.

ಲಿಂಗ ಮೈಬಿಟ್ಟರೆ ಮತ್ತೆ ಮೈಗೆ ಬರುವವರೆಗೆ ಅನ್ನವಿಲ್ಲ, ನೀರಿಲ್ಲ, ಬಾಯೊಳಗಿನ ಉಗುಳನ್ನೂ ನುಂಗುವಂತಿಲ್ಲ. ಅಜ್ಜಿ ಕಲಿಸಿದ ಈ ನೇಮವನ್ನು ತವರಿನಲ್ಲೂ ಗಂಡನ ಮನೆತನದಲ್ಲೂ ಯಾರೂ ಮುರಿದವರಿರಲಿಲ್ಲ. ದಾಕ್ಷಾಯಿಣಿ ಎರಡು ದಿನ ಆ ರಾಶಿಯನ್ನು ಮೊರದಿಂದ ಮೊರಕ್ಕೆ ತೋಡಿದಳು. ಕಣ್ಣು ಊದಿ ಮುಚ್ಚಿಹೋದ ಮೇಲೆ ಕೈಯಿಂದ ತಡವಿ ಹುಡುಕಿದಳು. ಬಾಯಿಗೆ ಬಂದ ನೀರನ್ನೆಲ್ಲ ಸೆರಗಿನ ತುದಿಗೆ ಉಗುಳಿದಳು. ಆ ಉಗುಳು ಕೆಂಪಗಿತ್ತು, ಮೆಣಸಿನಕಾಯಿಯದೋ ರಕ್ತದ್ದೋ ತಿಳಿಯಲಿಲ್ಲ. ದೊಡ್ಡಬಸಪ್ಪ ಅವಳೆದುರೇ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ, "ಸಿಕ್ತೇನು?" ಎಂದು ಕೇಳುತ್ತಿದ್ದ. ಮೂರನೆಯ ಬೆಳಿಗ್ಗೆ ಅದು ಚೀಲದ ಮಡಿಕೆಯಲ್ಲಿ ಸಿಕ್ಕಿತು. ಅವಳ ಕೊರಳ ಹಿಂದೆ ದಾರ ಕೊರೆದ ಗೆರೆ ಇವತ್ತಿಗೂ ಇದೆ.

ಆಡಿ ತಿಂಗಳು, ತಮಿಳರ ಆಷಾಢ. ಬೀದಿಯ ತುದಿಯ ಅಮ್ಮನ ಗುಡಿಯ ಮೈಕು ಬೆಳಗಿನಿಂದ ಒದರುತ್ತಿತ್ತು. ದೊಡ್ಡಬಸಪ್ಪನಿಗೆ ಮೂರು ದಿನದಿಂದ ಜ್ವರ. ಎರಡು ದಿನದಿಂದ ಬೆನ್ನು ಮುಟ್ಟಗೊಟ್ಟಿರಲಿಲ್ಲ. ವೀರೇಶ್ ಮಾಧವರಂನ ಬ್ಯಾಂಕಿಗೆ ಹೊರಡುವಾಗ, "ಸಂಜೆ ಆಸ್ಪತ್ರಿಗೆ ಹೋಗೂಣಪ್ಪಾ" ಎಂದಿದ್ದ. ಅಪ್ಪ ಗೋಡೆಯ ಕಡೆ ತಿರುಗಿಕೊಂಡಿದ್ದ.

ಹತ್ತು ಗಂಟೆಯ ಸುಮಾರಿಗೆ ಅವನ ಎದೆಯ ಗೊರಗೊರ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಅಡುಗೆಮನೆಯಲ್ಲಿದ್ದ ದಾಕ್ಷಾಯಿಣಿಗೆ ಆ ಮೌನವೇ ಮೊದಲು ಕೇಳಿಸಿತು. ಓಡಿ ಬಂದರೆ, ಅವನು ಮಂಚದ ಅಂಚಿನಲ್ಲಿ ಕೂತು ಬಾಯಿ ತೆರೆದಿದ್ದ. ಒಳಗೆ ಏನೂ ಹೋಗುತ್ತಿರಲಿಲ್ಲ. ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೀರಿಕೊಂಡಿತ್ತು. ತುಟಿ ನೇರಳೆಹಣ್ಣು ತಿಂದವನ ತುಟಿ. ಬೆರಳಿಗೆ ಸಿಕ್ಕಿಸಿದ ಆಮ್ಲಜನಕದ ಯಂತ್ರ ಎಂಬತ್ತೊಂದು ತೋರಿಸಿ ಎಪ್ಪತ್ತಾರಕ್ಕೆ ಇಳಿಯಿತು.

ಆಂಬುಲೆನ್ಸಿಗೆ ಫೋನು ಮಾಡಿದಳು. ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ರಸ್ತೆಯುದ್ದಕ್ಕೂ ನಿಂತಿವೆ, ಅರ್ಧ ಗಂಟೆಯಾದರೂ ಬೇಕು ಎಂದರು. ಬೇಬಿಗೆ ಮಾಡಿದಳು.

"ಬರ್ತಾ ಇದ್ದೀನಿ ಅಮ್ಮಾ! ಸ್ಪೀಕರ್ ಹಾಕಿ ಪಕ್ಕದಲ್ಲಿಡಿ. ಉಪ್ಪುನೀರಿನ ಹಬೆ ಮೆಷಿನ್ ಹಾಕೋಕೆ ಟೈಮ್ ಇಲ್ಲ. ತಲೆ ಕೆಳಗೆ, ಮಂಚದ ಅಂಚಿಂದ. ಬಡೀರಿ!"

ಅವಳು ಅವನ ಹೆಗಲು ಹಿಡಿದು ಬಾಗಿಸಿದಳು. ಕರಡಿಗೆ ಜಾರಿ ಬಾಯಿಗೆ ಬಂತು. ಸಾಯುತ್ತಿದ್ದರೂ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡು ಸೆಟೆದು ಕೂತ. ಅವಳು ಮತ್ತೆ ಬಾಗಿಸಿದಳು. ಅವನ ಮೊಣಕೈ ಹಿಂದಕ್ಕೆ ಬೀಸಿ ಅವಳ ಬಾಯಿಗೆ ಬಡಿಯಿತು. ಹಲ್ಲು ತುಟಿಗಿಳಿಯಿತು. ಅವಳು ಜಗ್ಗಿದಳು, ಅವನು ಒದೆದ. ಸ್ಟೂಲು ಉರುಳಿ ನೀರಿನ ತಂಬಿಗೆ ನೆಲದ ಮೇಲೆ ಕುಣಿಯಿತು. ಅವನ ಉಗುರು ಅವಳ ತೋಳನ್ನು ಮೇಲಿಂದ ಕೆಳಗೆ ಸೀಳಿತು.

ದಾಕ್ಷಾಯಿಣಿಯ ಎರಡು ಬೆರಳು ಅವನ ಶಿವದಾರದೊಳಗೆ ಹೋದವು. ಒಂದು ಸುತ್ತು ತಿರುವಿದಳು. ಎಷ್ಟು ಬಲ ಬೇಕೆಂದು ಅವಳಿಗೆ ಗೊತ್ತಿತ್ತು. ತನ್ನ ಕೊರಳಿನಿಂದಲೇ ಕಲಿತದ್ದು. ಜಗ್ಗಿದಳು. ದಾರ ಹರಿಯಿತು. ಕರಡಿಗೆ ಅವನ ಬೆರಳಿನ ಸಂದಿಯಿಂದ ನುಸುಳಿ ನೆಲಕ್ಕೆ ಬಿದ್ದು, ಉರುಳುತ್ತ ಮಂಚದ ಕೆಳಗಿನ ಕತ್ತಲಿಗೆ ಹೋಯಿತು.

ಅವನ ಕಣ್ಣು ಅದರ ಹಿಂದೆಯೇ ಹೋಯಿತು. ಕೈ ಬರಿದಾಗಿತ್ತು. ಆ ಒಂದು ಕ್ಷಣದಲ್ಲಿ ಅವಳು ಅವನನ್ನು ಬೋರಲು ಕೆಡವಿ, ತಲೆ ಮಂಚದ ಅಂಚಿನಿಂದ ಕೆಳಗೆ ಬರುವಂತೆ ಎಳೆದು, ಮೊಣಕಾಲಿನಿಂದ ಅವನ ಸೊಂಟವನ್ನು ಅದುಮಿ ಹಿಡಿದು, ಕೈ ಎತ್ತಿದಳು.

ಚಟ್.

ಅದು ಗೋದಾಮಿನ ಏಟು.

ಚಟ್. ಇದು ಬಸುರಿನದು.

ಚಟ್, ಚಟ್. ಕೈ ತಾನಾಗಿಯೇ ಏಳುತ್ತಿತ್ತು. ಹಲಗೆಯಂತೆ ಚಪ್ಪಟೆಯಾದ ಕೈ. ಅವನ ಬಿಳಿಯ ಬೆನ್ನಿನ ಮೇಲೆ ಐದು ಬೆರಳು ಮೂಡಿದವು, ಅವುಗಳ ಮೇಲೆ ಇನ್ನೈದು. ಅವಳ ತುಟಿಯ ರಕ್ತ ತೊಟ್ಟಿಕ್ಕಿ ಅಲ್ಲೇ ಬಿತ್ತು. ಮುಂದಿನ ಏಟು ಅದನ್ನು ಸವರಿತು. ಅವಳ ಬಾಯಲ್ಲಿ ಒಂದು ವಚನವೂ ಬರಲಿಲ್ಲ. ಹಲ್ಲು ಕಚ್ಚಿದ ಬಾಯಿ. ಕೆಳಗೆ ಅವನ ಕೈಗಳು ಗಾಳಿಯನ್ನು ಪರಚುತ್ತಿದ್ದವು, ಆಮೇಲೆ ನಿಧಾನವಾದವು.

"ಅಮ್ಮಾ." ಫೋನಿನಲ್ಲಿ ಬೇಬಿಯ ದನಿ. ಅದರ ಹಿಂದೆ ಲಾರಿಗಳ ಹಾರನ್. "ಅಮ್ಮಾ, ಸತ್ತಂ ಸರಿಯಿಲ್ಲ."

ದಾಕ್ಷಾಯಿಣಿಯ ಕೈ ಮೇಲೆ ನಿಂತಿತು.

"ನನಗೆ ಕೇಳಿಸ್ತಿದೆ ಅಮ್ಮಾ. ಅದು ಸಳಿಗೆ ಹೊಡೆಯೋ ಸತ್ತಂ ಅಲ್ಲ." ಹಾರನ್‌ಗಳು ಮಾತ್ರ ಕೇಳಿಸಿದವು.

ಇನ್ನು ಎರಡು ನಿಮಿಷ ಹೀಗೇ ಹೊಡೆದರೂ ಸಾಕಿತ್ತು. ಅಥವಾ ಹೊಡೆಯದೆ ಸುಮ್ಮನೆ ಕೂತರೂ ಸಾಕಿತ್ತು. ಹೆಂಡತಿ ಕೈಲಾದಷ್ಟು ಮಾಡಿದಳು, ಉಳಿಯಲಿಲ್ಲ ಎನ್ನುತ್ತಿದ್ದರು. ಅವಳ ಮೊಣಕಾಲಿನ ಕೆಳಗೆ ಅವನ ಮೈ ಒದ್ದೆ ಚೀಲದಂತೆ ಸಡಿಲವಾಗುತ್ತಿತ್ತು. ಅವಳು ಎತ್ತಿದ ಕೈಯನ್ನು ನೋಡಿದಳು. ಅಂಗೈ ಉರಿದು ಕೆಂಪಾಗಿತ್ತು. ಅದು ಅವನ ಕೈಯಂತೆಯೇ ಕಂಡಿತು. ಅದೇ ಅಗಲ, ಅದೇ ಬಣ್ಣ.

"ಶಿವನೇ," ಎಂದಳು ಗಟ್ಟಿಯಾಗಿ.

ಆ ಒಂದು ಕರೆಯಿಂದ ಅಜ್ಜಿಯ ವಚನ ತಾನಾಗಿ ಬಿಚ್ಚಿಕೊಂಡಿತು. ಜೀವಮಾನದಲ್ಲಿ ಮೊದಲ ಸಲ ಏಟಿನ ಜೊತೆಗೆ ಅದು ಬಾಯಿಬಿಟ್ಟು ಬಂತು. ಬೆರಳುಗಳು ಒಂದಕ್ಕೊಂದು ಕೂಡಿಕೊಂಡವು, ಅಂಗೈ ತಗ್ಗಾಯಿತು, ತೀರ್ಥಕ್ಕೆ ಒಡ್ಡಿದಂತೆ. ಸಾಲಿಗೆ ನಾಲ್ಕು.

ಡಬ್. ಡಬ್. ಡಬ್. ಡಬ್.

"ಅದೇ! ಅದೇ ಅಮ್ಮಾ! ನಿಲ್ಲಿಸಬೇಡಿ!"

ಮೆಲ್ಲಗಲ್ಲ. ಇಡೀ ಹೆಗಲಿನ ಬಲ ಇಳಿಸಿ ಬಡಿದಳು. ಮಂಚ ಗೋಡೆಗೆ ಗುದ್ದಿತು. ಒಂದು ವಚನ ಮುಗಿಯಿತು, ಎರಡನೆಯದು ಹಿಡಿದಳು; ಬಲಗೈ ಸೋತರೆ ಎಡಗೈ. ಅವಳ ಹೊಡೆತ ಎರಡು ವಚನ ದಾಟಿ ಮೂರನೆಯದಕ್ಕೆ ಹೋಯಿತು. ಅದರ ನಡುವೆ ಎಲ್ಲೋ ಅವಳ ಕೈಕೆಳಗೆ, ಪಕ್ಕೆಲುಬಿನ ಆಳದಲ್ಲಿ, ಏನೋ ಕಳಚಿದ್ದು ತಿಳಿಯಿತು. ಸುಣ್ಣದ ಪದರು ಗೋಡೆ ಬಿಟ್ಟಂತೆ. ದೊಡ್ಡಬಸಪ್ಪನ ಮೈ ಬಿಲ್ಲಾಯಿತು. ಎದೆಯಿಂದ ಒಂದು ಬೊಗಳು ಹೊರಟಿತು. ಬಾಯಿಂದ ನೆಲಕ್ಕೆ ಒಂದು ಗಂಟು ಬಿತ್ತು. ಹಸಿರು, ಕಂದು, ಹಸಿಶುಂಠಿಯ ತುಂಡಿನಂತೆ ಕವಲು ಕವಲಾಗಿ, ಅವನ ಉಸಿರಿನ ಕೊಳವೆಯ ಅಚ್ಚನ್ನೇ ಹೊತ್ತುಕೊಂಡು.

ಆಮೇಲೆ ಗಾಳಿ ಒಳಗೆ ಹೋಯಿತು. ಹರಿದ ತಿದಿಯಂಥ ಸದ್ದು. ಮತ್ತೊಂದು. ಮತ್ತೊಂದು. ತೊಂಬತ್ತಕ್ಕೆ ಬಂದು ನಿಂತಿತು ಬೆರಳಿನ ಯಂತ್ರ.

ಅವಳು ಅವನನ್ನು ಎತ್ತಿ ಗೋಡೆಗೆ ಒರಗಿಸಿದಳು. ಅವನ ಕೈ ಮೊದಲು ಹೋದದ್ದು ಎದೆಗೆ. ಅಲ್ಲಿ ಏನೂ ಇರಲಿಲ್ಲ. ಅವನು ಅವಳ ಕಡೆ ನೋಡಿದ. ಆ ಕಣ್ಣಿನಲ್ಲಿದ್ದದ್ದನ್ನು ಅವಳು ಅಲ್ಲಿ ಹಿಂದೆ ಕಂಡಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ಕಂಡಿದ್ದಳು.

ಅಷ್ಟರಲ್ಲಿ ಸಡಿಲಾದ ಕಫ ಇನ್ನೊಂದು ಸಲ ಬಾಯಿಗೆ ಬಂತು. ಕೆನ್ನೆ ಉಬ್ಬಿತು. ಅವನು ಅಭ್ಯಾಸದಂತೆ ನುಂಗಲು ಹೊರಟವನು ಗಂಟಲಲ್ಲೇ ತಡೆದುಕೊಂಡ. ಲಿಂಗ ಮೈಮೇಲಿಲ್ಲ. ಬಾಯೊಳಗಿನದು ಒಂದು ಹನಿಯೂ ಒಳಗಿಳಿಯುವ ಹಾಗಿಲ್ಲ. ಅವನ ಕಣ್ಣು ಮಂಚದ ಕೆಳಗೆ, ಅವಳ ಮುಖಕ್ಕೆ, ಮತ್ತೆ ಮಂಚದ ಕೆಳಗೆ ಓಡಾಡಿತು.

ದಾಕ್ಷಾಯಿಣಿ ಲ್ಯಾಬಿನ ಬಾಟಲಿಯ ಮುಚ್ಚಳ ತಿರುವಿ ಅವನ ಬಾಯಿಗೆ ಹಿಡಿದಳು.

ಅವನು ಉಗುಳಿದ.

ಅವಳು ಬಾಯಿ ತೊಳೆದು, ತುಟಿಗೆ ಬಟ್ಟೆಯೊತ್ತಿಕೊಂಡು ಬಂದಳು. ಮಂಚದ ಕೆಳಗೆ ತೂರಿ, ಸೆರಗಿನಿಂದ ಕರಡಿಗೆಯನ್ನು ತೆಗೆದು, ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ದೇವರ ಗೂಡಿನಲ್ಲಿಟ್ಟಳು. "ಹುಡುಕ್ಕೋರಿ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಆಡಲಿಲ್ಲ. ನೂಲಿನ ಉಂಡೆ ತಂದು ಅವನೆದುರು ನೆಲಕ್ಕೆ ಕೂತು, ಒಂದು ಎಳೆಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಹೊಸ ದಾರ ಹೊಸೆಯತೊಡಗಿದಳು. ಮೊದಲು ಮೂರೆಳೆ. ಅಂಥ ಮೂರನ್ನು ಕೂಡಿಸಿ ಒಂದು. ಅವಸರವಿಲ್ಲದ ಕೆಲಸ.

ಅವನು ಕೆಮ್ಮಿದ, ಉಗುಳಿದ. ಕೆಮ್ಮಿದ, ಉಗುಳಿದ. ಬಾಟಲಿ ತುಂಬಿತು. ಅವಳು ಹಳೆಯ ಡಬ್ಬಿ ಕೊಟ್ಟಳು.

ಬೇಬಿ ಹೆಲ್ಮೆಟ್ಟಿನಲ್ಲೇ ಒಳಗೆ ಓಡಿ ಬಂದಳು. ಸ್ಟೆಥೊಸ್ಕೋಪು ಇಟ್ಟು ಅವನ ಎದೆ ಕೇಳಿದಳು, ಬೆನ್ನಿಗೆ ಬಂದಳು, ಅಲ್ಲಿ ನಿಂತಳು. ಬೆನ್ನಿನ ಬಲಭಾಗದಲ್ಲಿ ಬೆರಳುಗಳು ಊದಿ ಎದ್ದಿದ್ದವು, ಒಣಗಿದ ರಕ್ತದ ಒಂದು ಗೀಟು. ಬೇಬಿ ಆ ಬೆನ್ನನ್ನು ನೋಡಿದಳು, ದಾಕ್ಷಾಯಿಣಿಯ ತುಟಿಯನ್ನು ನೋಡಿದಳು, ತೋಳಿನ ಸೀಳನ್ನು ನೋಡಿದಳು.

"ಮೊದಲಿನವು ಒಂದೀಟು ತಪ್ಪಿದ್ವವಾ," ಎಂದಳು ದಾಕ್ಷಾಯಿಣಿ, ನೂಲಿನಿಂದ ಕಣ್ಣೆತ್ತದೆ. "ಆಮ್ಯಾಲ ಸರಿಹೋದ್ವು."

ಬೇಬಿ ಹೆಲ್ಮೆಟ್ಟು ತೆಗೆದು ಸ್ಟೂಲನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಕೂತಳು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಈ ಸಲ ಲ್ಯಾಬಿನವರು ವಾಪಸ್ ಕಳಿಸಲ್ಲ," ಎಂದಳು ಮೆಲ್ಲಗೆ.

ದೊಡ್ಡಬಸಪ್ಪ ಡಬ್ಬಿಗೆ ಉಗುಳಿ, ಬಾಯಿ ಒರೆಸಿಕೊಂಡು, ಕ್ಷೀಣವಾಗಿ ಕೇಳಿದ. "ದಾರ ಆತೇನು?"

"ಇನ್ನೂ ಐತ್ರಿ." ಅವಳು ಎಳೆಯನ್ನು ಬೆಳಕಿಗೆ ಹಿಡಿದು ಹುರಿ ನೋಡಿದಳು, ಸಾಲದೆನಿಸಿ ಬಿಚ್ಚಿ ಮತ್ತೆ ತಿರುವಿದಳು. "ನಾಳೆ ಮುಂಜಾನಿಂದ ಬೆನ್ನು ಬಡಿಯೂಕಿಂತ ಮೊದಲ ನೀವಾಗೇ ಕೊರಳಾಗಿಂದು ತಗದು ಗೂಡಿನ್ಯಾಗ ಇಡ್ರಿ. ಮುಗಿದ ಮ್ಯಾಲ ನಾ ಕಟ್ತೀನಿ. ನೀವು ತಗೀಲಿಲ್ಲ ಅಂದ್ರ ಹೆಂಗ ತಗೀಬೇಕು ಅನ್ನೂದು ನನಗ ಗೊತ್ತೈತಿ."

ಅವನು ಏನೋ ಹೇಳಲು ಬಾಯಿ ತೆರೆದ. ಕೆಮ್ಮು ಬಂತು.

"ಉಗುಳ್ರಿ," ಎಂದಳು ದಾಕ್ಷಾಯಿಣಿ.